ಯಂತ್ರ ಊರಿನಲ್ಲಿರಲಿ, ಉಳಿ ಮನೆಯಲ್ಲಿರಲಿ

ಕಿರಿಯ: ಅಣ್ಣ, ನೇರವಾಗಿಯೇ ಕೇಳುತ್ತೇನೆ. ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಒಂದು ಬೆಡ್‌ರೂಮಿನ ಮನೆ ಎಂದಿಟ್ಟುಕೊಳ್ಳಿ. ಬಾಲ್ಕನಿ ಮೂರಡಿ ಅಗಲ, ಏಳಡಿ ಉದ್ದ. ವಾರದ ರಜೆಯಲ್ಲಿ ಮರಗೆಲಸ ಮಾಡಬೇಕೆಂಬ ಆಸೆ ಇರುವವನು ಅಲ್ಲಿಗೆ ಮೊದಲು ಯಾವ ಯಂತ್ರ ತರಬೇಕು? ನನ್ನ ಪಟ್ಟಿಯಲ್ಲಿ ಟೇಬಲ್ ಸಾ, ರೌಟರ್, ಸ್ಯಾಂಡರ್ ಇವೆ. ಉಳಿ, ಕೀಸುಳಿ ಮುಂತಾದವು ಪಟ್ಟಿಯ ಕೊನೆಗೆ, ದುಡ್ಡು ಉಳಿದರೆ.

ಹಿರಿಯ: ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದು, ಸರಿಹೋಗುತ್ತದೆ. ಮರಗೆಲಸ ಅಂತ ನಾವು ಒಂದೇ ಹೆಸರಿನಲ್ಲಿ ಕರೆದರೂ ಅದರೊಳಗೆ ಇರುವುದು ಎರಡು ಕೆಲಸ. ದಿಮ್ಮಿ ಸೀಳಿ ಹಲಗೆ ಮಾಡುವುದು, ಹಲಗೆಯನ್ನು ಅಳತೆಗೆ ಕೊಯ್ಯುವುದು, ದಪ್ಪ ಇಳಿಸಿ ಎರಡೂ ಮುಖ ಸಮಮಾಡುವುದು ಒರಟು ಕೆಲಸ. ಶಕ್ತಿ ತಿನ್ನುವುದು, ಸದ್ದು ಮಾಡುವುದು, ಮನೆಯನ್ನೆಲ್ಲ ಧೂಳು ಮಾಡುವುದು ಇದೇ. ಗುರುತು ಹಾಕುವುದು, ಕಚ್ಚು ಕೊರೆಯುವುದು, ಒಂದಕ್ಕೊಂದು ಕೂಡಿಸುವುದು, ಮೈ ನಯಗೊಳಿಸುವುದು ಎರಡನೆಯದು. ಹವ್ಯಾಸಿಗೆ ಖುಷಿ ಸಿಗುವುದೂ ಅವನ ಕೈಗುಣ ಕಾಣುವುದೂ ಈ ಎರಡನೆಯದರಲ್ಲಿ. ಮುಂಬಯಿಯ ಅನುಕೂಲ ಏನೆಂದರೆ ಮೊದಲನೆಯ ಕೆಲಸಕ್ಕೆ ಬೇಕಾದ ಯಂತ್ರಗಳೆಲ್ಲ ಊರಿನಲ್ಲೇ ಇವೆ. ರೇ ರೋಡ್, ದಾರೂಖಾನಾ, ಲಕ್ಡಿ ಬಂದರ್ ಸುತ್ತಿನ ಮರದ ವ್ಯಾಪಾರಿಗಳ ಹತ್ತಿರ ಮರ ಕೊಂಡರೆ ಕೊಯ್ದು, ಕೀಸಿ ಕೊಡುವವರು ಅಲ್ಲೇ ಸಿಗುತ್ತಾರೆ. ಉಪನಗರಗಳ ಪ್ಲೈವುಡ್ ಅಂಗಡಿಗಳಲ್ಲಿಯೂ ಅಳತೆ ಬರೆದುಕೊಟ್ಟರೆ ಶೀಟು ಕತ್ತರಿಸಿಕೊಡುವವರಿದ್ದಾರೆ. ಎಂಟಡಿ ಉದ್ದ ನಾಲ್ಕಡಿ ಅಗಲದ ಶೀಟು ನಿನ್ನ ಕಟ್ಟಡದ ಲಿಫ್ಟಿನಲ್ಲಿ ಹಿಡಿಯುವುದೂ ಇಲ್ಲ. ಹಾಗಿರುವಾಗ ಬಾಡಿಗೆಗೆ ಸಿಗುವ ಕೆಲಸಕ್ಕೆ ಬಾಲ್ಕನಿಯ ಅರ್ಧ ಜಾಗ ಕೊಟ್ಟು, ಯಾರಿಂದಲೂ ಬಾಡಿಗೆಗೆ ಸಿಗದ ಕೆಲಸಕ್ಕೆ ಮೊಂಡು ಉಳಿ ಇಟ್ಟುಕೊಳ್ಳುವುದು ಯಾವ ಲೆಕ್ಕ?

ಕಿರಿಯ: ಇದು ಹಳೆಯ ಕಾಲದ ಮೇಲಿನ ಮೋಹದ ಹಾಗೆ ಕೇಳಿಸುತ್ತದೆ. ಕೈಯಿಂದ ಮಾಡಿದ್ದೇ ಶ್ರೇಷ್ಠ ಅನ್ನುವವರು ಸಾಮಾನ್ಯವಾಗಿ ವಾಡಿಯಾ ಮನೆತನದ ಹಡಗುಗಳ ಕಥೆ ತೆಗೆಯುತ್ತಾರೆ. 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ಟ್ರಿಂಕಮಲೀ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ ಅನ್ನುವುದು ನಿಜ. ಆದರೆ ಆ ಹಡಗುಕಟ್ಟೆಯಲ್ಲಿ ಆಳುಗಳ ಪಡೆಯೇ ಇತ್ತು. ವಿರಾರ್ ಲೋಕಲ್ಲಿನಲ್ಲಿ ಹೋಗಿ ಬಂದು ಸುಸ್ತಾದವನಿಗೆ ಭಾನುವಾರ ನಾಲ್ಕು ಗಂಟೆ ಬಿಡುವು ಸಿಕ್ಕರೆ ಹೆಚ್ಚು.

ಹಿರಿಯ: ಆ ಹಡಗನ್ನು ನೀನೇ ತೆಗೆದದ್ದು ಒಳ್ಳೆಯದಾಯಿತು, ಅದು ನನ್ನ ಕಡೆಯ ಸಾಕ್ಷಿ. ಯಂತ್ರ ಬರುವ ಮೊದಲಿನ ಕಾಲದಲ್ಲಿಯೂ ದಿಮ್ಮಿ ಕೊಯ್ಯುವವರೇ ಬೇರೆ, ಕೂಡಿಸುವ ಬಡಗಿಗಳೇ ಬೇರೆ ಇದ್ದರು. ಒರಟು ಕೆಲಸವನ್ನು ಬಡಗಿ ಬೇರೆಯವರಿಗೆ ಕೊಟ್ಟದ್ದು ಇವತ್ತು ನಿನ್ನೆಯ ಮಾತಲ್ಲ. ಇನ್ನು ನಿನ್ನ ನಾಲ್ಕು ಗಂಟೆಯ ಲೆಕ್ಕಕ್ಕೆ ಬಾ. ಮೂರಡಿ ಬಾಲ್ಕನಿಯಲ್ಲಿ ಟೇಬಲ್ ಸಾ ಇಡಬೇಕಾದರೆ ಒಣಹಾಕಿದ ಬಟ್ಟೆ ತೆಗೆಯಬೇಕು, ತುಳಸಿಕುಂಡ ಸರಿಸಬೇಕು, ಯಂತ್ರ ಹೊರತೆಗೆದು ಬ್ಲೇಡು ನೇರವಿದೆಯೋ ನೋಡಿ ವೈರು ಎಳೆಯಬೇಕು. ಐದಡಿ ಹಲಗೆಯನ್ನು ಬ್ಲೇಡಿಗೆ ಕೊಡಬೇಕಾದರೆ ಮುಂದೆ ಐದಡಿ, ಹಿಂದೆ ಐದಡಿ ಖಾಲಿ ಜಾಗ ಬೇಕು. ಆಮೇಲೆ ಗುಡಿಸಿ ಒರೆಸಿ ಎಲ್ಲವನ್ನೂ ಒಳಗಿಡಬೇಕು. ಕೊಯ್ಯುವುದು ಹತ್ತು ನಿಮಿಷ, ಸಿದ್ಧತೆ ಒಂದೂವರೆ ಗಂಟೆ. ಕೈಗರಗಸ ಗೋಡೆಯ ಮೊಳೆಯಿಂದ ಇಳಿದ ಕ್ಷಣವೇ ಕೆಲಸಕ್ಕೆ ನಿಲ್ಲುತ್ತದೆ. ಯಂತ್ರದ ವೇಗ ಒಂದೇ ಅಳತೆಯ ನೂರು ತುಂಡು ಕೊಯ್ಯುವವನಿಗೆ ಲಾಭ. ಹವ್ಯಾಸಿ ಮಾಡುವುದು ಒಂದು ಸ್ಟೂಲು, ಒಂದು ಪುಸ್ತಕದ ಕಪಾಟು, ದೇವರ ಕೋಣೆಗೆ ಒಂದು ಮಣೆ.

ಕಿರಿಯ: ನಿಖರತೆಯ ವಿಚಾರ? ಯಂತ್ರ ಅರ್ಧ ಮಿಲಿಮೀಟರ್ ಆಚೀಚೆ ಆಗದ ಹಾಗೆ ಕೊಯ್ಯುತ್ತದೆ. ಕೈಗೆ ಅದು ಸಾಧ್ಯವೆ?

ಹಿರಿಯ: ಈ ಊರಿನಲ್ಲಿ ಅರ್ಧ ಮಿಲಿಮೀಟರಿನ ಭವಿಷ್ಯ ನಿರ್ಧರಿಸುವುದು ಯಂತ್ರವೂ ಅಲ್ಲ ಕೈಯೂ ಅಲ್ಲ ಮಾರಾಯ, ಗಾಳಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿನ ಮರಗೆಲಸದ ಮುಕ್ಕಾಲು ಪಾಲು ತೊಂದರೆ ಹುಟ್ಟುವುದು ಇಲ್ಲೇ. ಜುಲೈ, ಆಗಸ್ಟ್ ತಿಂಗಳಲ್ಲಿ ಮುಂಬಯಿಯ ಗಾಳಿಯ ಆರ್ದ್ರತೆ ಶೇ 85ರ ಆಸುಪಾಸು ಇರುತ್ತದೆ. ಜನವರಿ, ಫೆಬ್ರುವರಿಯ ಮಧ್ಯಾಹ್ನಗಳಲ್ಲಿ ಅದು ಶೇ 50ರ ಹತ್ತಿರಕ್ಕೆ ಇಳಿಯುತ್ತದೆ. ಮರ ಸತ್ತ ಮೇಲೂ ಗಾಳಿಯ ಜೊತೆ ನೀರಿನ ಕೊಡುಕೊಳ್ಳುವಿಕೆ ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ತೆರೆದ ಬಾಲ್ಕನಿಯಲ್ಲಿಟ್ಟ ಹಲಗೆಯ ತೇವಾಂಶ ನಿಧಾನವಾಗಿ ಶೇ 17ರ ಕಡೆಗೆ ಏರುತ್ತದೆ, ಚಳಿಗಾಲದಲ್ಲಿ ಶೇ 11ರ ಕಡೆಗೆ ಇಳಿಯುತ್ತದೆ. ತೇಗ ಹೆಚ್ಚು ಅಲುಗದ ಮರ ಅಂತ ಹೆಸರಾದದ್ದು. ಆ ತೇಗದ 300 ಮಿಲಿಮೀಟರ್ ಅಗಲದ, ಉಂಗುರಗಳು ಮಲಗಿರುವ ಹಲಗೆ ಕೂಡ ತೇವಾಂಶ ಶೇ 5ರಷ್ಟು ಬದಲಾದರೆ ಅಗಲದಲ್ಲಿ ಮೂರು ಮಿಲಿಮೀಟರಿನಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಇಲ್ಲಿನ ಬಡಗಿಗಳ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಒಂದು ಸೂತ್. ಉದ್ದದಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಅರ್ಧ ಮಿಲಿಮೀಟರಿಗೆ ಕೊಯ್ದ ನಿನ್ನ ಹಲಗೆ ವರ್ಷ ತುಂಬುವುದರೊಳಗೆ ಅದರ ಆರು ಪಟ್ಟು ಚಲಿಸಿರುತ್ತದೆ.

ಕಿರಿಯ: ಹಾಗಾದರೆ ಮಾಡುವುದೇನು? ಎ.ಸಿ. ಹಾಕಿ ಕೂರಬೇಕೆ?

ಹಿರಿಯ: ಬೇಡ. ಚಲನೆಗೆ ದಾರಿ ಬಿಡಬೇಕು, ಅಷ್ಟೇ. ಮೇಜಿನ ಮೇಲ್ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಫೆವಿಕಾಲ್ ಬಳಿದು ಅಂಟಿಸಬೇಡ. ಸ್ಕ್ರೂ ಕೂರುವ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದುದ್ದ ಮಾಡು, ಸ್ಕ್ರೂ ಹಲಗೆಯ ಜೊತೆ ಸರಿದಾಡಲಿ. ಬಾಗಿಲಿನ ನಡುಹಲಗೆಯನ್ನು ಸುತ್ತಿನ ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಕೂರಿಸು. ಡ್ರಾಯರಿನ ಲೆಕ್ಕ ಇನ್ನೂ ಸ್ವಾರಸ್ಯದ್ದು, ಅಲ್ಲಿ ಕ್ಯಾಲೆಂಡರ್ ನೋಡಬೇಕು. 150 ಮಿಲಿಮೀಟರ್ ಎತ್ತರದ ತೇಗದ ಡ್ರಾಯರು ಎರಡು ಋತುಗಳ ನಡುವೆ ಒಂದೂವರೆ ಮಿಲಿಮೀಟರ್ ಬದಲಾಗುತ್ತದೆ. ಫೆಬ್ರುವರಿಯಲ್ಲಿ ಮಾಡುವಾಗ ಮೇಲುಗಡೆ ಎರಡು ಮಿಲಿಮೀಟರ್ ಸಂದು ಬಿಡು, ಜುಲೈಯಲ್ಲಿ ಮಾಡುವಾಗ ಅರ್ಧ ಸಾಕು. ಮಳೆಗಾಲದಲ್ಲಿ ಸಿಕ್ಕಿಬೀಳುವ ಡ್ರಾಯರನ್ನು ಅಲ್ಲೇ ಕೀಸಿ ಸಡಿಲ ಮಾಡುವವರು ಜನವರಿಯಲ್ಲಿ ಅದು ಲೊಡಲೊಡ ಅನ್ನುವುದನ್ನು ಕೇಳಬೇಕಾಗುತ್ತದೆ. ಕೊಳ್ಳುವಾಗಲೇ ಹಲಗೆಯ ತುದಿ ನೋಡುವುದು ಇನ್ನೊಂದು ಉಪಾಯ. ಉಂಗುರಗಳು ನೆಟ್ಟಗೆ ನಿಂತಿರುವ ಹಲಗೆ, ಉಂಗುರಗಳು ಮಲಗಿರುವ ಹಲಗೆಗಿಂತ ಸುಮಾರು ಅರ್ಧದಷ್ಟೇ ಅಲುಗುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ, ಬಗ್ಗಿ ನೋಡುವ ತಾಳ್ಮೆ ಸಾಕು.

ಕಿರಿಯ: ಮರ ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ವ್ಯಾಪಾರಿ ಎಲ್ಲವನ್ನೂ ಸೀಸನ್ ಆದದ್ದು ಅಂತಲೇ ಹೇಳುತ್ತಾನೆ.

ಹಿರಿಯ: ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹಲಗೆಯ ತುದಿಯಿಂದ ಒಂದು ಗೇಣು ಬಿಟ್ಟು ಒಳಗಿನಿಂದ ಚಿಕ್ಕ ತುಂಡು ಕೊಯ್ದು ತೂಗು. ತುದಿಯ ತುಂಡು ಬೇಡ, ತುದಿ ಯಾವಾಗಲೂ ಬೇಗ ಒಣಗಿರುತ್ತದೆ. ಓವನ್ನಿನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಮತ್ತೆ ಮತ್ತೆ ತೂಗು. ಮೊದಲು 118 ಗ್ರಾಂ ಇದ್ದದ್ದು ಕೊನೆಗೆ 100ಕ್ಕೆ ನಿಂತರೆ ತೇವಾಂಶ ಶೇ 18. ಓವನ್ ಇಲ್ಲದವರು ಇಡೀ ಹಲಗೆಯನ್ನು ಮನೆಯೊಳಗಿನ ಅಟ್ಟದಲ್ಲಿ, ನಡುವೆ ಕಡ್ಡಿ ಇಟ್ಟು ಗಾಳಿಯಾಡುವಂತೆ ಒಟ್ಟಿ, ವಾರಕ್ಕೊಮ್ಮೆ ತೂಗಲಿ. ತೂಕ ನಿಂತಿತೆಂದರೆ ಹಲಗೆ ನಿನ್ನ ಮನೆಯ ಗಾಳಿಗೆ ಒಗ್ಗಿತು ಎಂದರ್ಥ. ಮುಂಬಯಿಯಲ್ಲಿ ಹಳೆಯ ತೇಗವೂ ಸಿಗುತ್ತದೆ. ಗಿರಗಾಂವ್, ಕಾಲ್ಬಾದೇವಿ ಕಡೆಯ ಮರದ ಚೌಕಟ್ಟಿನ ಚಾಳುಗಳು ಪುನರಾಭಿವೃದ್ಧಿಗೆ ಬಿದ್ದಾಗ ಹೊರಬರುವ ತೊಲೆಗಳು ದಶಕಗಳಿಂದ ಒಣಗಿದಂಥವು. ಅವುಗಳೊಳಗೆ ಮುರಿದ ಮೊಳೆ ಕುಳಿತಿರುತ್ತದೆ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮೈಮೇಲೆಲ್ಲ ಆಡಿಸದೆ ಕೀಸುಳಿ ಹಚ್ಚಬೇಡ. ನ್ಹಾವಾ ಶೇವಾ ಬಂದರಿಗೆ ಬರುವ ಯಂತ್ರಗಳ ಪೆಟ್ಟಿಗೆಗಳ ಪೈನ್ ಮರ ಗುಜರಿಯಲ್ಲಿ ಅಗ್ಗವಾಗಿ ಸಿಗುತ್ತದೆ, ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಮರವಿಲ್ಲ. ಹಲಗೆಯ ಮೇಲಿನ ಗೋಧಿತೆನೆಯ ಮುದ್ರೆಯ ಪಕ್ಕದ ಅಕ್ಷರ ನೋಡು. ಎಚ್‌ಟಿ ಎಂದಿದ್ದರೆ ಕಾಯಿಸಿ ಹುಳ ಕೊಂದದ್ದು, ತೆಗೆದುಕೊ. ಎಂಬಿ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅಲ್ಲೇ ಬಿಡು.

ಕಿರಿಯ: ಇಷ್ಟೆಲ್ಲ ತಾಪತ್ರಯ ಬೇಡವೆಂದೇ ಊರೆಲ್ಲ ಪ್ಲೈವುಡ್ಡಿಗೆ ಹೋಗಿದೆ. ಹತ್ತೊಂಬತ್ತು ಎಂ.ಎಂ. ಪ್ಲೈ, ಮೇಲೆ ಸನ್‌ಮೈಕಾ. ಅದು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಪ್ಲೈ ಬಳಸುವವನಿಗೆ ಯಂತ್ರ ಬೇಕೇ ಬೇಕಲ್ಲ?

ಹಿರಿಯ: ನಿನ್ನ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದೇ, ಅರ್ಧ ಒಪ್ಪುತ್ತೇನೆ. ಪ್ಲೈಯಲ್ಲಿ ಪದರಗಳ ಎಳೆ ಅಡ್ಡಡ್ಡ ಕೂತಿರುವುದರಿಂದ ಅಗಲದ ಚಲನೆ ತೀರ ಕಡಿಮೆ. ದೊಡ್ಡ ಕಪಾಟಿನ ಹಿಂಬದಿಗೆ, ಗೋಡೆಗೆ ತಾಗುವ ಭಾಗಕ್ಕೆ ಅದನ್ನೇ ಹಾಕು, ಹೊರಗೋಡೆಯಾದರೆ ಐಎಸ್ 710 ಗುರುತಿನ ಮರೀನ್ ಪ್ಲೈ. ಆದರೆ ಪ್ಲೈಯ ಅಂಟು ಉಳಿಯ ಅಂಚನ್ನು ತಿಂದುಹಾಕುತ್ತದೆ, ಕೈಗರಗಸದಲ್ಲಿ ಕೊಯ್ದರೆ ಮೇಲಿನ ಪದರ ಸಿಬಿರೇಳುತ್ತದೆ. ಅದನ್ನು ಕತ್ತರಿಸುವುದು ಅಂಗಡಿಯ ಯಂತ್ರದ ಕೆಲಸ ಎಂದು ಹೇಳಿದ್ದು ಅದಕ್ಕೇ. ನೀನು ಮನೆಗೆ ತರುವ ಸಣ್ಣ ಟೇಬಲ್ ಸಾಗೆ ಪೂರ್ತಿ ಶೀಟನ್ನು ನೇರವಾಗಿ ಕೊಯ್ಯುವಷ್ಟು ದೊಡ್ಡ ಮೇಜಿರುವುದಿಲ್ಲ. ಆ ಯಂತ್ರ ಪ್ಲೈಗೆ ಸಣ್ಣದಾಯಿತು, ಬಾಲ್ಕನಿಗೆ ದೊಡ್ಡದಾಯಿತು.

ಕಿರಿಯ: ಮೊದಲೇ ಸದ್ದಿನ ಮಾತು ಎತ್ತಿದಿರಿ. ಹಗಲು ಹೊತ್ತು ಸದ್ದು ಮಾಡಲು ಯಾರ ಅಪ್ಪಣೆ ಬೇಕು?

ಹಿರಿಯ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ 45 ಎಂಬ ಮಿತಿ ಇದೆ. ವಿದ್ಯುತ್ ಗರಗಸದ ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುವುದು ನೂರರ ಹತ್ತಿರ. ಕಾನೂನು ಬದಿಗಿರಲಿ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಒಂದು ಸಲ ಅದನ್ನು ಓಡಿಸಿದರೆ ಸೊಸೈಟಿಯ ಮುಂದಿನ ಸಭೆಯಲ್ಲಿ ನಿನ್ನದೇ ವಿಷಯ. ಧೂಳು ಅದಕ್ಕಿಂತ ಗಂಭೀರ. ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಕೀಸುಳಿಯಿಂದ ಬೀಳುವುದು ಸುರುಳಿ, ಗುಡಿಸಿ ತೆಗೆಯಬಹುದು. ಸ್ಯಾಂಡರಿನ ಧೂಳು ಗಾಳಿಯಲ್ಲಿ ತೇಲಿ ಹಾಸಿಗೆಗೂ ಅನ್ನದ ತಟ್ಟೆಗೂ ಬರುತ್ತದೆ, ಮುನ್ನೂರು ಚದರ ಅಡಿಯ ಮನೆಯಲ್ಲಿ ಅದಕ್ಕೆ ಬೇರೆ ಕೋಣೆ ಎಲ್ಲಿದೆ? ಮರಳುಕಾಗದ ಉಜ್ಜಲೇಬೇಕಾದಾಗ ಫ್ಯಾನು ನಿಲ್ಲಿಸಿ, ಎನ್ 95 ಮಾಸ್ಕ್ ಹಾಕಿಕೊ.

ಕಿರಿಯ: ಉಳಿಯ ಮೇಲೆ ಕೊಡತಿಯ ಪೆಟ್ಟು ಮೆಲ್ಲಗೆ ಕೇಳಿಸುತ್ತದೆಯೆ? ಕೆಳಗಿನ ಮನೆಯವರಿಗೆ ಅದು ತಲೆಯ ಮೇಲೆ ಬಡಿದಂತೆ.

ಹಿರಿಯ: ಸರಿಯಾದ ಮಾತು, ಕೈ ಸಲಕರಣೆ ಎಂದರೆ ನಿಶ್ಶಬ್ದ ಎಂಬ ಭ್ರಮೆ ಬೇಡ. ಕಚ್ಚಿನ ತೂತನ್ನು ಪೂರ್ತಿ ಉಳಿಯಿಂದ ಹೊಡೆದು ತೆಗೆಯುವ ಬದಲು ಕೈಬೈರಿಗೆಯಿಂದ ಸಾಲಾಗಿ ತೂತು ಕೊರೆದು ಮುಕ್ಕಾಲು ಪಾಲು ತೆಗೆದುಬಿಡು. ಉಳಿದದ್ದನ್ನು ಹರಿತವಾದ ಉಳಿಯಿಂದ ಅಂಗೈ ಒತ್ತಿ ಸವರಿ ತೆಗೆಯಬಹುದು, ಕೊಡತಿಯ ಅಗತ್ಯ ಹೆಚ್ಚು ಬೀಳುವುದಿಲ್ಲ. ಕೂರುವ ಹಲಗೆಯ ಕೆಳಗೆ ದಪ್ಪ ರಬ್ಬರ್ ಚಾಪೆ ಹಾಸು. ಕೂರುವ ಹಲಗೆ ಅಂದೆ, ಗಮನಿಸಿದೆಯಾ? ಸೊಂಟಮಟ್ಟದ ದೊಡ್ಡ ಬೆಂಚು ಪಶ್ಚಿಮದ ಬಡಗಿಯ ಪದ್ಧತಿ. ಸಾಗರ, ಸೊರಬ, ಶಿರಸಿಯ ಗುಡಿಗಾರರು ಗಂಧದ ಮರ ಕೆತ್ತುವುದು ನೆಲದ ಮೇಲೆ ಕೂತು. ಮುಂಬಯಿಯ ಮನೆಮನೆಗೆ ಕಪಾಟು ಮಾಡಿಕೊಡುವ ಬಡಗಿಗಳೂ ಒಂದು ಚೀಲದ ಸಾಮಾನು ಹಿಡಿದು ಲೋಕಲ್ಲಿನಲ್ಲಿ ಬಂದು, ನಿನ್ನ ಹಾಲಿನ ನೆಲದ ಮೇಲೆ ಕೂತು, ಕಾಲಿನಿಂದ ಹಲಗೆ ಒತ್ತಿಹಿಡಿದು ಕೆಲಸ ಮುಗಿಸಿ ಹೋಗುತ್ತಾರೆ. ಒಂದಡಿ ಅಗಲ ನಾಲ್ಕಡಿ ಉದ್ದದ ದಪ್ಪ ಹಲಗೆ, ಒಂದು ತುದಿಗೆ ಮರ ಜಾರದಂತೆ ತಡೆಪಟ್ಟಿ, ಅಡಿಯಲ್ಲಿ ಆರಿಂಚಿನ ಕಾಲು. ಕೆಲಸ ಮುಗಿದ ಮೇಲೆ ಮಂಚದ ಕೆಳಗೆ ಹೋಗುತ್ತದೆ. ಮೊಣಕಾಲು ನೋವಿರುವವರು ಗಟ್ಟಿಯಾದ ಊಟದ ಮೇಜಿನ ಅಂಚಿಗೆ ಕ್ಲಾಂಪ್ ಹಾಕಿಕೊಳ್ಳಲಿ.

ಕಿರಿಯ: ಹರಿತವಾದ ಉಳಿ ಎಂದು ಸುಲಭವಾಗಿ ಹೇಳಿಬಿಟ್ಟಿರಿ. ನಾಗ್‌ದೇವಿ ಬೀದಿಯಲ್ಲಿ ಕೊಂಡ ಹೊಸ ಉಳಿ ಪೆನ್ಸಿಲನ್ನೂ ಸರಿಯಾಗಿ ಹೆರೆಯುವುದಿಲ್ಲ ಎಂದು ಜನ ಬೈಯುತ್ತಾರೆ. ಕೊನೆಗೆ ಯಂತ್ರಕ್ಕೆ ಹೋಗುವುದು ಅದಕ್ಕೇ.

ಹಿರಿಯ: ಅಲ್ಲಿಯೇ ಇದೆ ಗುಟ್ಟು. ಅಂಗಡಿಯಿಂದ ಬರುವ ಉಳಿ ಅರ್ಧ ತಯಾರಾದ ಮಾಲು, ಅಂಚು ಕೊಡಬೇಕಾದವನು ಕೊಂಡವನೇ. ಮೊಂಡು ಉಳಿಯಿಂದ ಬೇಸತ್ತು ರೌಟರ್ ಕೊಳ್ಳುವವನು ಸಾಣೆ ಕಲಿಯಲು ಬೇಕಾದ ಎರಡು ಭಾನುವಾರ ಉಳಿಸಲು ಹೋಗಿ ಉಳಿದೆಲ್ಲ ಭಾನುವಾರ ಕಳೆದುಕೊಳ್ಳುತ್ತಾನೆ. ಬೇಕಾದದ್ದು ದುಬಾರಿಯದ್ದೇನಲ್ಲ. ಆರು ಮಿಲಿಮೀಟರ್ ದಪ್ಪದ ಗಾಜಿನ ತುಂಡು, ಅದರ ಮೇಲೆ ನೀರು ಹಾಕಿ ಅಂಟಿಸಿದ ವಾಟರ್‌ಪ್ರೂಫ್ ಎಮರಿ ಕಾಗದ, 220, 400, 1000, 2000 ಈ ಕ್ರಮದಲ್ಲಿ. ಮೊದಲು ಉಳಿಯ ಬೆನ್ನು, ತುದಿಯಿಂದ ಒಂದಿಂಚಿನ ತನಕ ಕನ್ನಡಿಯಂತೆ ಹೊಳೆಯಬೇಕು. ಬೆನ್ನು ಸಪಾಟಾಗದೆ ಅಂಚು ಬರುವುದೇ ಇಲ್ಲ, ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಆಮೇಲೆ ಇಳಿಜಾರು 25 ಡಿಗ್ರಿ, ಕಟ್ಟಕಡೆಯ ತುದಿ ಮಾತ್ರ 30 ಡಿಗ್ರಿ. ಕೋನ ಹಿಡಿಯುವುದು ಕೈಗೆ ಬಾರದಿದ್ದರೆ ಪಕ್ಕದಿಂದ ಬಿಗಿಯುವ, ಚಿಕ್ಕ ಗಾಲಿಯ ಹಿಡಿಕೆ ಸಿಗುತ್ತದೆ. ಅದರಲ್ಲಿ ಉಳಿ 40 ಮಿಲಿಮೀಟರ್ ಹೊರಚಾಚಿದರೆ 25 ಡಿಗ್ರಿ, 30 ಚಾಚಿದರೆ 30 ಡಿಗ್ರಿ. ಕೀಸುಳಿಯ ಅಲಗಿಗೆ ಆ ಅಳತೆ 50 ಮತ್ತು 38. ಕೊನೆಗೆ ಹಳೆಯ ಬೆಲ್ಟಿನ ತೊಗಲಿಗೆ ಹಸಿರು ಪಾಲಿಶ್ ಬಳಿದು ಹತ್ತು ಸಲ ಹಿಮ್ಮುಖವಾಗಿ ಎಳೆ. ಪೈನ್ ತುಂಡಿನ ತುದಿಯನ್ನು, ಎಳೆಗೆ ಅಡ್ಡವಾಗಿ ಸವರಿ ನೋಡು. ಪುಡಿಯಾಗದೆ ತೆಳು ಪದರವಾಗಿ ಬಂದರೆ ಅಂಚು ಬಂದಿದೆ. ತೇಗದಲ್ಲಿ ಮರಳಿನ ಸತ್ವ ಸೇರಿರುವುದರಿಂದ ಅಂಚು ಬೇಗ ಹೋಗುತ್ತದೆ, ಕೆಲಸದ ನಡುವೆ ಎದ್ದೆದ್ದು ತೊಗಲಿಗೆ ಎಳೆಯಬೇಕು.

ಕಿರಿಯ: ಅಷ್ಟು ಕಷ್ಟಪಟ್ಟು ತಂದ ಅಂಚು ಆಗಸ್ಟಿನಲ್ಲಿ ಒಂದು ವಾರಕ್ಕೆ ತುಕ್ಕು ಹಿಡಿದರೆ?

ಹಿರಿಯ: ಹಿಡಿಯುತ್ತದೆ, ಬಾಂದ್ರಾ, ವರ್ಲಿಯಂಥ ಕಡಲಂಚಿನ ಕಡೆ ಉಪ್ಪಿನ ಗಾಳಿಗೆ ಇನ್ನೂ ಬೇಗ. ಆರ್ದ್ರತೆ ಶೇ 60 ದಾಟಿದ ಮೇಲೆ ಉಕ್ಕು ಚುರುಕಾಗಿ ತುಕ್ಕಾಗುತ್ತದೆ. ಬಾಲ್ಕನಿಯಲ್ಲಿಟ್ಟ ಯಂತ್ರದ ಎರಕದ ಮೇಜನ್ನು ಇದರಿಂದ ಕಾಯುವುದು ಅಸಾಧ್ಯವೆನ್ನುವಷ್ಟು ಕಷ್ಟ, ಆರು ಉಳಿ ಎರಡು ಕೀಸುಳಿಯನ್ನು ಕಾಯುವುದು ಮಕ್ಕಳಾಟ. ಕೈ ಬೆವರು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ರಬ್ಬರ್ ಪಟ್ಟಿಯಿರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಚೀಲದ ಜೊತೆ ಹಾಕು. ತೆಂಗಿನೆಣ್ಣೆ ಬೇಡ, ಅಂಟಂಟಾಗುತ್ತದೆ. ತೊಗಲಿನ ಉಳಿಚೀಲ ನೋಡಲು ಚೆಂದ, ಮಳೆಗಾಲದಲ್ಲಿ ತೇವ ಹೀರಿ ಉಕ್ಕಿಗೇ ಉಣಿಸುತ್ತದೆ.

ಕಿರಿಯ: ಅಂಟು, ಪಾಲಿಶ್ ಬಗ್ಗೆಯೂ ಮಳೆಗಾಲದ ಪಥ್ಯ ಇದೆಯೆ?

ಹಿರಿಯ: ಬಿಳಿ ಫೆವಿಕಾಲ್ ಗಟ್ಟಿಯಾಗುವುದು ಅದರೊಳಗಿನ ನೀರು ಹೋದಾಗ, ಜುಲೈಯಲ್ಲಿ ಆ ನೀರು ಹೊರಹೋಗಲು ಗಾಳಿಯಲ್ಲಿ ಜಾಗವಿರುವುದಿಲ್ಲ. ಹಾಗಾಗಿ ರಾತ್ರಿಯಿಡೀ ಕ್ಲಾಂಪ್ ಬಿಗಿದಿಡು. ತೇಗದ ಮೈಯಲ್ಲಿ ಎಣ್ಣೆ ಇರುವುದರಿಂದ ಕೀಸಿದ ದಿನವೇ ಅಂಟು ಹಾಕು. ಅರಗಿನ ಪಾಲಿಶ್ ಮಳೆಗಾಲದಲ್ಲಿ ಮಾಡಿದರೆ ಸ್ಪಿರಿಟ್ ಆರುವಾಗ ತೇವ ಕೂತು ಮೈಮೇಲೆ ಬಿಳಿ ಮಂಜು ಕವಿಯುತ್ತದೆ. ಪಾಲಿಶನ್ನು ನವೆಂಬರಿಗೆ ಇಟ್ಟುಕೊ. ಮಳೆಯ ನಾಲ್ಕು ತಿಂಗಳು ಸಾಣೆ ಕಲಿಯುವುದಕ್ಕೂ ಪೈನ್ ತುಂಡುಗಳಲ್ಲಿ ಕಚ್ಚು ಕೊರೆದು ಅಭ್ಯಾಸ ಮಾಡುವುದಕ್ಕೂ ಇರಲಿ.

ಕಿರಿಯ: ಯಂತ್ರ ಒಂದೂ ಬೇಡವೆಂದೇ ತೀರ್ಮಾನವೆ?

ಹಿರಿಯ: ಗೋಡೆಗೆ ತೂತು ಹೊಡೆಯಲು ಹೇಗೂ ಬೇಕಾಗುವ ಬ್ಯಾಟರಿ ಡ್ರಿಲ್ ಇರಲಿ, ಸ್ಕ್ರೂ ಬಿಗಿಯಲು ಅದರಷ್ಟು ಉಪಕಾರಿ ಬೇರೆ ಇಲ್ಲ. ಆಮೇಲೆ 6, 12, 25 ಮಿಲಿಮೀಟರಿನ ಮೂರು ಉಳಿ, ನಾಲ್ಕನೇ ನಂಬರಿನ ಕಬ್ಬಿಣದ ಕೀಸುಳಿ, ಇಲ್ಲಿನವರು ರಂದಾ ಅನ್ನುವುದು, ಎಳೆಯುವಾಗ ಕೊಯ್ಯುವ ತೆಳು ಅಲಗಿನ ಜಪಾನಿ ಗರಗಸ, ನಂಬಬಹುದಾದ ಒಂದು ಮೂಲೆಮಟ್ಟ, ಗುರುತು ಕೊರೆಯಲು ಚಾಕು. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸು. ನೇರ ಅಂಚಿಗೆ ಒತ್ತಿ ಒಂದು ಗೆರೆ ಎಳೆ, ಮಗುಚಿ ಹಾಕಿ ಅದೇ ಜಾಗದಲ್ಲಿ ಇನ್ನೊಂದು ಎಳೆ. ಎರಡೂ ಒಂದಾದರೆ ಕೊಳ್ಳು, ಬೇರೆಯಾದರೆ ಅಂಗಡಿಯವನಿಗೇ ಇರಲಿ.

ಕಿರಿಯ: ಇಷ್ಟಾದ ಮೇಲೂ ಟೇಬಲ್ ಸಾಗೆ ಎತ್ತಿಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಿಗುತ್ತದೆ.

ಹಿರಿಯ: ಮಿಕ್ಕಿದ್ದಕ್ಕೆ ಕ್ಲಾಂಪ್ ತಾ. ನಾಲ್ಕು ಸಾಕು ಅನ್ನಿಸುತ್ತದೆ, ಕಪಾಟಿನ ಎರಡು ಬದಿ ಅಂಟಿಸಿ ನಿಂತಾಗ ಎಂಟೂ ಸಾಲುವುದಿಲ್ಲ.